ಕೆರೆ ತುಂಬಿತು, ನೀರುಗಂಟಿ ಎಲ್ಲಿ?

ಕೋಲಾರದ ಕಡೆ ಕೊಳವೆಬಾವಿಯ ನೀರನ್ನು ಇಂಚಿನಲ್ಲಿ ಅಳೆಯುತ್ತಾರೆ. ಎರಡು ಇಂಚು ಬಿತ್ತೆಂದರೆ ಆ ಮನೆಯಲ್ಲಿ ಹಬ್ಬ. ಬರೀ ಧೂಳೆದ್ದರೆ ಸಾಲದ ಮೇಲೆ ಸಾಲ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಈ ಜಿಲ್ಲೆಯಲ್ಲಿ ರಿಗ್ ಗಾಡಿಗಳು ಸಾವಿರ, ಸಾವಿರದೈನೂರು ಅಡಿವರೆಗೂ ಕೊರೆದಿವೆ. ಟೊಮೆಟೊ, ಹಿಪ್ಪುನೇರಳೆ, ಸೀಮೆಹಸುವಿನ ಮೇವು ಎಲ್ಲಕ್ಕೂ ಆ ಆಳದ ನೀರೇ ಗತಿ. ಅದರ ಜೊತೆ ಫ್ಲೋರೈಡೂ ಮೇಲೆ ಬರುತ್ತದೆ.

ಇಲ್ಲಿನ ನೆಲದಡಿ ಇರುವುದು ಗಟ್ಟಿ ಕಲ್ಲು. ನೀರು ನಿಲ್ಲುವುದು ಮೇಲ್ಭಾಗದ ಶಿಥಿಲ ಪದರದಲ್ಲಿ ಮತ್ತು ಕೆಳಗಿನ ಬಿರುಕುಗಳಲ್ಲಿ. ಆಳಕ್ಕೆ ಹೋದಂತೆ ಬಿರುಕುಗಳೂ ವಿರಳ. ಹಿಂದೆ ತೆರೆದ ಬಾವಿಗಳಿಗೆ ಮೇಲಿನ ಪದರವೇ ಆಧಾರವಾಗಿತ್ತು. ಆ ಪದರಕ್ಕೆ ನೀರುಣಿಸುತ್ತಿದ್ದವು ಕೆರೆಗಳು.

2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂತು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್ ಹರಿಸಿ ಕೋಲಾರದ ಕೆರೆಗಳನ್ನು ತುಂಬಿಸುವ ಯೋಜನೆ ಅದು. ನೀರಿನ ಗುಣಮಟ್ಟದ ತಕರಾರು ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಮೂರನೇ ಹಂತದ ಶುದ್ಧೀಕರಣ ಬೇಕೆಂದು ಜಿಲ್ಲೆಯ ಜನ ಕೇಳುತ್ತಿರುವುದು ನ್ಯಾಯವಾದದ್ದೇ. ಆದರೂ ತುಂಬಿದ ಕೆರೆಗಳ ಆಸುಪಾಸಿನಲ್ಲಿ ಬತ್ತಿದ್ದ ಕೊಳವೆಬಾವಿಗಳಿಗೆ ಜೀವ ಬಂದದ್ದು ಸುಳ್ಳಲ್ಲ.

ಹೀಗೆ ಮರಳಿದ ನೀರಿಗೆ ಯಜಮಾನ ಯಾರು? ಕೆರೆ ನೀರಾವರಿಯ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರವಿತ್ತು. ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂದು ನೋಡುವುದು ನೀರುಗಂಟಿಯ ಕೆಲಸ. ಕೆರೆ ಅರ್ಧವೇ ತುಂಬಿದ ವರ್ಷ ಊರಿನವರು ಕೂತು ಬೆಳೆಯನ್ನೂ ಅರ್ಧಕ್ಕಿಳಿಸುತ್ತಿದ್ದರು. ಬೋರು ಬಂದ ಮೇಲೆ ಪ್ರತಿಯೊಬ್ಬರೂ ತಮ್ಮ ಹೊಲಕ್ಕೆ ತಾವೇ ನೀರುಗಂಟಿ. 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತ. ಎಷ್ಟು ನೀರೆತ್ತಿದರು ಎಂದು ಕೇಳುವವರಿಲ್ಲ. ಹನಿ ನೀರಾವರಿಯಿಂದ ಉಳಿಯುವ ನೀರು ಪಕ್ಕದ ಇನ್ನೊಂದು ಎಕರೆಗೆ ಹೋಗುತ್ತದೆ. ಮಳೆನೀರು ಹಿಡಿಯಲೆಂದು ತೋಡಿದ ಕೃಷಿಹೊಂಡಕ್ಕೆ ಕೆಲವೆಡೆ ಬೋರಿನ ನೀರೇ ಬೀಳುತ್ತದೆ. ಸಬ್ಸಿಡಿ ಕೊಟ್ಟವರು ಇದನ್ನು ನೋಡಿಲ್ಲವೆಂದರೆ ನಂಬುವುದು ಕಷ್ಟ.

ರೈತರನ್ನು ದೂರಿ ಪ್ರಯೋಜನವಿಲ್ಲ. ಪಕ್ಕದವನು ಕೊರೆಸುತ್ತಿರುವಾಗ ತಾನೊಬ್ಬ ಸುಮ್ಮನಿದ್ದರೆ ತನ್ನ ಬೋರೇ ಮೊದಲು ಬತ್ತುತ್ತದೆ. ಅಂತರ್ಜಲ ನಿಯಂತ್ರಣಕ್ಕೆ ರಾಜ್ಯದಲ್ಲಿ 2011ರ ಕಾಯ್ದೆಯಿದೆ, ಅಧಿಸೂಚಿತ ಪ್ರದೇಶದಲ್ಲಿ ಕೊರೆಯಲು ಅನುಮತಿ ಬೇಕೆಂಬ ನಿಯಮವೂ ಇದೆ. ರಾತ್ರೋರಾತ್ರಿ ಬಂದು ಬೆಳಗಾಗುವಷ್ಟರಲ್ಲಿ ಹೋಗುವ ರಿಗ್ ಗಾಡಿಯನ್ನು ತಾಲ್ಲೂಕು ಕಚೇರಿಯ ಕಡತ ಹಿಡಿಯಲಾರದು. ಅದನ್ನು ತಡೆಯಲು ಊರಿಗೇ ಮನಸ್ಸಾಗಬೇಕು.

ಮಹಾರಾಷ್ಟ್ರದ ಹಿವರೆ ಬಜಾರ್ ಹಾಗೆ ಮನಸ್ಸು ಮಾಡಿದ ಊರು. ಸರಪಂಚರಾಗಿದ್ದ ಪೋಪಟರಾವ್ ಪವಾರ್ ಅವರ ಮುಂದಾಳತ್ವದಲ್ಲಿ ಊರವರು ಬೇಸಾಯಕ್ಕೆ ಕೊಳವೆಬಾವಿ ಬೇಡವೆಂದರು, ಕಬ್ಬು, ಬಾಳೆ ಬಿಟ್ಟರು. ಪ್ರತಿ ವರ್ಷ ಬಿದ್ದ ಮಳೆಯನ್ನೂ ಬಾವಿಗಳ ಮಟ್ಟವನ್ನೂ ಅಳೆದು, ಕುಡಿಯುವ ನೀರು ತೆಗೆದಿಟ್ಟು, ಉಳಿದದ್ದಕ್ಕೆ ತಕ್ಕ ಬೆಳೆಯನ್ನು ಗ್ರಾಮಸಭೆಯಲ್ಲಿ ನಿರ್ಧರಿಸುತ್ತಾರೆ. ಅಲ್ಲಿನ ಮಳೆ ಕೋಲಾರದ ಮಳೆಗಿಂತ ಬಹಳ ಕಡಿಮೆ.

ಕೆರೆ ತುಂಬಿಸಲು ನೂರಾರು ಕೋಟಿ ಖರ್ಚು ಮಾಡಿದ ಸರ್ಕಾರ ಆ ಕೆರೆಯ ಸುತ್ತಲಿನ ಊರುಗಳಿಗೆ ಒಂದು ಮಳೆಮಾಪಕ, ಮಟ್ಟ ನೋಡಲು ನಾಲ್ಕಾರು ಬಾವಿ, ಸಂಬಳ ಕೊಟ್ಟು ಒಬ್ಬ ನೀರುಗಂಟಿಯನ್ನು ಕೊಡಲಿ. ಮುಂದಿನ ಹಿಂಗಾರಿಗೆ ಮೊದಲೇ ನೀರಿನ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿಸಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ.