ಎಂಟನೆಯ ತರಗತಿಯ ಆಚೆಗೆ

ಮುಂಬಯಿಯ ನಮ್ಮ ಉಪನಗರದಲ್ಲಿ ಕೆಲವು ತಂದೆತಾಯಂದಿರು ಮನವಿಪತ್ರವೊಂದನ್ನು ಹಿಡಿದು ಮನೆಮನೆಗೆ ಹೋಗುತ್ತಿದ್ದಾರೆ. ಅವರಲ್ಲಿ ಕನ್ನಡಿಗರಿದ್ದಾರೆ, ತುಳುವರಿದ್ದಾರೆ. ಮರಾಠಿ, ತಮಿಳು, ತೆಲುಗು, ಉರ್ದು ಮನೆಮಾತಿನವರೂ ಇದ್ದಾರೆ. ಬೇಡಿಕೆ ಒಂದೇ. ಈ ಎಲ್ಲ ಮಕ್ಕಳೂ ಕೂಡಿ ಓದುವ, ಹತ್ತನೆಯ ತರಗತಿಯವರೆಗಿನ ಒಂದು ಸಾರ್ವಜನಿಕ ಪ್ರೌಢಶಾಲೆ ಬೇಕು. ಅಲ್ಲಿ ಪ್ರತಿ ಮಗುವೂ ತನ್ನ ಮನೆಮಾತನ್ನು ಒಂದು ವಿಷಯವಾಗಿ ಕಲಿಯುವಂತಿರಬೇಕು. ಇದಕ್ಕೆ ಸಹಿ ಹಾಕಲು ಹಿಂಜರಿಯುತ್ತಿರುವವರಲ್ಲಿ ನಮ್ಮ ಕನ್ನಡ ಸಂಘಗಳ ಹಿರಿಯರೇ ಮುಂದಿದ್ದಾರೆ. ಈ ಬರಹಕ್ಕೆ ಅದೇ ಕಾರಣ.

ಹಲವು ಭಾಷೆಗಳ ಶಾಲೆಯಲ್ಲಿ ಕನ್ನಡ ಕರಗಿಹೋಗುತ್ತದೆ, ನಮಗೆ ಬೇಕಾದುದು ಕನ್ನಡ ಶಾಲೆಯೇ ಎಂಬುದು ಅವರ ಆಕ್ಷೇಪ. ಕೇಳಲು ಇದು ಅಭಿಮಾನದ ಮಾತು. ಆದರೆ ಇದನ್ನಾಡುವವರ ಮೊಮ್ಮಕ್ಕಳು ಎಲ್ಲಿ ಓದುತ್ತಿದ್ದಾರೆ? ಬಹುಪಾಲು ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗಳಲ್ಲಿ. ನನ್ನ ಮಕ್ಕಳೂ ಅಲ್ಲಿಯೇ ಓದಿದರು. ಆದುದರಿಂದ ಈ ಪ್ರಶ್ನೆಯನ್ನು ಮೊದಲು ನನಗೇ ಕೇಳಿಕೊಂಡಿದ್ದೇನೆ. ಇಲ್ಲಿನ ಕನ್ನಡ ಶಾಲೆಗಳ ಬೆಂಚುಗಳನ್ನು ಖಾಲಿ ಮಾಡಿದವರು ಅನ್ಯಭಾಷಿಕರಲ್ಲ, ನಾವು. ನಾವು ಬಿಟ್ಟುಬಂದ ಶಾಲೆಯ ಹೆಸರಿನಲ್ಲಿ, ಬೇರೆ ದಾರಿಯಿಲ್ಲದ ಮಕ್ಕಳ ಶಾಲೆಯನ್ನು ತಡೆಯುವುದು ಯಾವ ನ್ಯಾಯ?

ಬೇರೆ ದಾರಿ ಇಲ್ಲ ಎಂದು ಸುಮ್ಮನೆ ಹೇಳುತ್ತಿಲ್ಲ. 1956ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣವನ್ನು ಹೇಳುವುದು ಪ್ರಾಥಮಿಕ ಹಂತಕ್ಕೆ ಮಾತ್ರ. 2009ರ ಶಿಕ್ಷಣ ಹಕ್ಕು ಕಾಯ್ದೆ ಹದಿನಾಲ್ಕು ವಯಸ್ಸಿಗೆ, ಎಂಟನೆಯ ತರಗತಿಗೆ ಕೈಬಿಡುತ್ತದೆ. ಮನೆಗೆಲಸದವಳ ಮಗಳು, ಹೋಟೆಲು ಕಾರ್ಮಿಕನ ಮಗ ಬೀದಿಗೆ ಬೀಳುವುದು ಸರಿಯಾಗಿ ಇಲ್ಲಿ. ಒಂಬತ್ತನೆಯ ತರಗತಿಗೆ ದೂರದ ಶಾಲೆ, ಲೋಕಲ್ ರೈಲಿನ ನೂಕುನುಗ್ಗಲು, ಶುಲ್ಕ. ಹೆಣ್ಣುಮಗುವಾದರೆ ಮನೆಯವರ ಅಂಜಿಕೆ ಬೇರೆ. ಆ ಮಗುವಿಗೆ ಶಾಲೆಯೇ ಕೈತಪ್ಪುವಾಗ ಕನ್ನಡವೂ ಜೊತೆಯಲ್ಲೇ ಕೈತಪ್ಪುತ್ತದೆ.

ಸಂವಿಧಾನದ 30ನೆಯ ವಿಧಿ ನಮಗೆ ನಮ್ಮದೇ ಶಾಲೆ ಕಟ್ಟುವ ಹಕ್ಕು ಕೊಟ್ಟಿದೆಯಲ್ಲ ಎನ್ನಬಹುದು. ನಿಜ, ಭಾಷಾ ಅಲ್ಪಸಂಖ್ಯಾತರು ಯಾರೆಂಬುದನ್ನು ಆಯಾ ರಾಜ್ಯವನ್ನು ನೋಡಿ ನಿರ್ಧರಿಸಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಹೇಳಿತು. ಹಕ್ಕು ಇದೆ. ಆದರೆ ಮುಂಬಯಿಯಲ್ಲಿ ಜಾಗ ಎಲ್ಲಿದೆ? ಒಂದೇ ಭಾಷೆಯ ಮಕ್ಕಳು ಒಂದು ತರಗತಿ ತುಂಬುವಷ್ಟು ಎಲ್ಲಿದ್ದಾರೆ? ಆರು ಭಾಷೆಗಳವರು ಸೇರಿದರೆ ಶಾಲೆ ತುಂಬುತ್ತದೆ, ಸರಕಾರವೂ ಕಿವಿಗೊಡಬೇಕಾಗುತ್ತದೆ.

ಹೀಗೆ ಸೇರುವುದು ಕನಸಲ್ಲ. ಉತ್ತರ ಐರ್‌ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟಂಟ್ ಮಕ್ಕಳು ಬೇರೆ ಬೇರೆ ಶಾಲೆಗಳಲ್ಲಿ ಓದುವುದೇ ರೂಢಿಯಾಗಿತ್ತು. 1981ರಲ್ಲಿ, ಸೆರೆಮನೆಯ ಉಪವಾಸದಲ್ಲಿ ಹತ್ತು ಮಂದಿ ಪ್ರಾಣಬಿಟ್ಟು ಊರು ಹೊತ್ತಿ ಉರಿಯುತ್ತಿದ್ದ ವರ್ಷ, ಎರಡೂ ಕಡೆಯ ತಂದೆತಾಯಂದಿರು ಸೇರಿ ಲಗಾನ್ ಕಾಲೇಜ್ ಎಂಬ ಪ್ರೌಢಶಾಲೆಯನ್ನು ತೆರೆದರು. ಮೊದಲ ದಿನ ಇದ್ದವರು 28 ಮಕ್ಕಳು. ಇಂದು ಅಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳಿದ್ದಾರೆ. ಇಂಥ ಶಾಲೆಗಳಿಗೆ ಉತ್ತೇಜನ ಕೊಡುವುದು ಶಿಕ್ಷಣ ಇಲಾಖೆಯ ಕರ್ತವ್ಯವೆಂದು 1989ರಲ್ಲಿ ಕಾನೂನೇ ಬಂದಿತು. ಆ ನಾಡಿನ ಬಹುಪಾಲು ಮಕ್ಕಳು ಇಂದಿಗೂ ಬೇರೆ ಬೇರೆಯಾಗಿಯೇ ಓದುತ್ತಾರೆ ಎಂಬುದೂ ಸತ್ಯ. ಆದರೆ ಅಲ್ಲಿ ಮತ ತೊರೆದು ಬಾ ಎಂದು ಯಾವ ಮಗುವಿಗೂ ಹೇಳಲಿಲ್ಲ. ಕೂಡಿ ಕುಳಿತುಕೊ ಎಂದರು, ಅಷ್ಟೆ. ನಾವು ಹೊತ್ತಿರುವುದು ಅವರ ಹಗೆಗಿಂತ ಎಷ್ಟೋ ಹಗುರವಾದ ಹೊರೆ.

ಹಿರಿಯರ ಅಂಜಿಕೆಯಲ್ಲಿ ಒಂದು ಅಂಶ ನಿಜ. ವಾರಕ್ಕೆ ಎರಡು ಪಿರಿಯಡ್ಡು, ಗುತ್ತಿಗೆಯ ಮೇಷ್ಟ್ರು, ಪರೀಕ್ಷೆಯಿಲ್ಲದ ಪಾಠ ಎಂದಾದರೆ ಕನ್ನಡವು ವಾರ್ಷಿಕೋತ್ಸವದ ಸ್ವಾಗತಗೀತೆಗಷ್ಟೇ ಉಳಿಯುತ್ತದೆ. ಅದಕ್ಕೆ ಪರಿಹಾರ ಹೊರಗೆ ನಿಂತು ನಿಟ್ಟುಸಿರುಬಿಡುವುದಲ್ಲ. ಒಳಗೆ ಬಂದು ಷರತ್ತು ಹಾಕುವುದು. ಖಾಯಂ ಕನ್ನಡ ಶಿಕ್ಷಕರಿರಲಿ, ವೇಳಾಪಟ್ಟಿಯಲ್ಲಿ ಪೂರ್ಣ ಸ್ಥಾನವಿರಲಿ, ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಅಂಕಗಳಿರಲಿ. ಮಹಾರಾಷ್ಟ್ರದ ಬಾಲಭಾರತಿಯು ಕನ್ನಡದಲ್ಲಿ ಪಠ್ಯಪುಸ್ತಕಗಳನ್ನು ಅಚ್ಚುಹಾಕುತ್ತಲೇ ಬಂದಿದೆ. ಪುಸ್ತಕವಿದೆ, ಇಲ್ಲದಿರುವುದು ಕಲಿಸುವವರು ಮತ್ತು ಕೇಳುವವರು. ಮರಾಠಿಯಂತೂ 2020ರ ಕಾಯ್ದೆಯಂತೆ ಇಲ್ಲಿ ಕಡ್ಡಾಯ. ಅನ್ನ ಕೊಟ್ಟ ನೆಲದ ಮಾತನ್ನು ಚೆನ್ನಾಗಿ ಕಲಿತವರು ತಮ್ಮ ಮಾತಿಗೆ ಜಾಗ ಕೇಳಿದರೆ ಆ ಕೇಳಿಕೆಗೆ ತೂಕ ಬರುತ್ತದೆ.

ನಮ್ಮ ಹಿಂದಿನವರು ಇದನ್ನು ಬಲ್ಲವರಾಗಿದ್ದರು. ಕರಾವಳಿಯಿಂದ ಬಂದು ಹಗಲೆಲ್ಲ ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರಿಗಾಗಿ ಅವರು ಈ ನಗರದಲ್ಲಿ ಕನ್ನಡ ರಾತ್ರಿಶಾಲೆಗಳನ್ನು ನಡೆಸಿದರು. ಅಲ್ಲಿ ಓದಿ ಮೇಲೆ ಬಂದವರು ನಮ್ಮ ಸಂಘಗಳಲ್ಲಿ ಇಂದಿಗೂ ಇದ್ದಾರೆ. ಮಗು ಎಲ್ಲಿದೆಯೋ ಅಲ್ಲಿಗೆ ಶಾಲೆಯನ್ನು ಒಯ್ದದ್ದೇ ಅಂದಿನವರ ಕನ್ನಡಸೇವೆ. ಇಂದು ಆ ಮಗು ತಮಿಳು ಗೆಳತಿಯ, ಮರಾಠಿ ಗೆಳೆಯನ ಪಕ್ಕದಲ್ಲಿ, ಎಂಟನೆಯ ತರಗತಿಯ ಬಾಗಿಲಲ್ಲಿ ನಿಂತಿದೆ.

ಮುಂದಿನ ವಾರವೂ ಆ ಮನವಿಪತ್ರ ಮನೆಮನೆಗೆ ಬರಲಿದೆ. ನಿಮ್ಮ ಬಾಗಿಲಿಗೆ ಬಂದರೆ ಸಹಿ ಹಾಕಿ. ಷರತ್ತು ಹಾಕುವುದಿದ್ದರೆ ಸಹಿಯ ಕೆಳಗೆ ಬರೆಯಿರಿ.