ಮಾತೃಭಾಷೆಯ ಕಾಲಂನಲ್ಲಿ ಏನು ಬರೆಸುತ್ತೀರಿ?

ಗಣತಿಯವರು ಮನೆಗೆ ಬಂದು 'ನಿಮ್ಮ ಮಾತೃಭಾಷೆ ಯಾವುದು?' ಎಂದು ಕೇಳಿದರೆ ನಮ್ಮಲ್ಲಿ ಒಂದು ಸಣ್ಣ ಗಲಿಬಿಲಿ ಶುರುವಾಗುತ್ತದೆ. ಒಬ್ಬರು 'ಮಲಯಾಳಂ ಅಂತ ಬರೀರಿ' ಎನ್ನುತ್ತಾರೆ, ಇನ್ನೊಬ್ಬರಿಗೆ 'ಕನ್ನಡ ಸಾಕು'. 'ಮುಸ್ಲಿಮರಲ್ವಾ, ಉರ್ದು ಹಾಕ್ಲಾ?' ಎಂದು ಅವರೇ ಕೇಳಿದರೂ ತಲೆಯಾಡಿಸುವವರಿದ್ದಾರೆ. ಅದೇ ಹೊತ್ತಿಗೆ ಒಳಗೆ ಅಡುಗೆಮನೆಯಲ್ಲಿ ಉಮ್ಮ ಮಗುವಿಗೆ ಗದರುವುದು ಮಾತ್ರ ಬ್ಯಾರಿಯಲ್ಲೇ!

2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡು ಜನಗಣತಿ ನಡೆಸಲು ಕೇಂದ್ರ ಸರಕಾರ 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಡಿಸಿದೆ. ಹಾಗಾಗಿ ಈ ಗಲಿಬಿಲಿಯನ್ನು ಮನೆಮನೆಯಲ್ಲಿ ಈಗಲೇ ಬಗೆಹರಿಸಿಕೊಳ್ಳುವುದು ಒಳ್ಳೆಯದು.

2011ರ ಗಣತಿಯಲ್ಲಿ ದೇಶದ ಜನರು ತಮ್ಮ ಮಾತೃಭಾಷೆ ಎಂದು ಹೇಳಿದ ಹೆಸರುಗಳು 19,569. ಅವನ್ನೆಲ್ಲ ಸೋಸಿ, ಹತ್ತಿರದವನ್ನು ಒಟ್ಟುಗೂಡಿಸಿ, 10,000ಕ್ಕಿಂತ ಹೆಚ್ಚು ಜನರಿರುವ ಭಾಷೆಗಳೆಂದು ಕೊನೆಗೆ ಪ್ರಕಟಿಸಿದ್ದು 121. ಅದರಲ್ಲಿ ತುಳು ಇದೆ, ಕೊಡವ ಇದೆ. 54 ಸಾವಿರ ಚಿಲ್ಲರೆ ಜನ ಹೇಳಿದ ಅರಬಿಯೂ ಇದೆ. ಬ್ಯಾರಿ ಇಲ್ಲ. ರಾಜ್ಯ ಸರಕಾರ 2007ರಲ್ಲೇ ಸಾಹಿತ್ಯ ಅಕಾಡೆಮಿ ಕೊಟ್ಟ ಭಾಷೆ, 'ಬ್ಯಾರಿ' ಚಿತ್ರಕ್ಕೆ ರಾಷ್ಟ್ರ ಪ್ರಶಸ್ತಿ ತಂದ ಭಾಷೆ ದೇಶದ ಪಟ್ಟಿಯಲ್ಲಿ ಕಾಣುವುದಿಲ್ಲ.

'ಅದು ಮಲಯಾಳಂನದ್ದೇ ಒಂದು ರೂಪ ಅಲ್ವಾ' ಎನ್ನುವವರಿದ್ದಾರೆ. ನಂಟು ಇರುವುದು ನಿಜ. ಬ್ಯಾರಿ ದ್ರಾವಿಡ ಕುಟುಂಬದ್ದು, ಮಲಯಾಳಂಗೆ ತೀರಾ ಹತ್ತಿರದ್ದು. ಆದರೆ ತುಳುನಾಡಿನ ನೆಲದಲ್ಲಿ ಬೆಳೆದು ಅದಕ್ಕೆ ತನ್ನದೇ ನಾಲಗೆ ಬಂದಿದೆ. ಅವರ 'ಅರಿ' ನಮ್ಮಲ್ಲಿ 'ಎರಿ', ಅವರ 'ವಿಲ' ನಮ್ಮಲ್ಲಿ 'ಬೆಲೆ'. ಉಣ್ಣುವ ತಟ್ಟೆಗೆ ಅರಬಿಯಿಂದ ಬಂದ 'ಸಾನ್' ಇದೆ. ಎರವಲು ಪದ ಬಂದ ಮಾತ್ರಕ್ಕೆ ಭಾಷೆಯ ಕುಟುಂಬ ಬದಲಾಗುವುದಿಲ್ಲ. ಅರಬಿ ಸೆಮಿಟಿಕ್ ಬಳಗದ್ದು, ಉರ್ದು ಹಿಂದಿ-ಕೊಂಕಣಿಗಳಂತೆ ಇಂಡೋ-ಆರ್ಯನ್ ಬಳಗದ್ದು. ನಮ್ಮ 'ನಕ್ಕ್-ನಿಕ್ಕ್' ಇವೆರಡೂ ಅಲ್ಲ. ಲಿಪಿಯ ಮಾತು ಬಿಡಿ. ತುಳುವರು, ಕೊಂಕಣಿಯವರು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ, ಅವರ ಭಾಷೆಯನ್ನು ಭಾಷೆಯಲ್ಲ ಎಂದು ಯಾರೂ ಹೇಳುವುದಿಲ್ಲ.

ಇನ್ನೊಂದು ವಿಷಯ ಎಲ್ಲರಿಗೂ ಗೊತ್ತಿರಲಿ. 2011ರಲ್ಲಿ ಗಣತಿದಾರರಿಗೆ ಕೊಟ್ಟ ಸೂಚನೆಯಲ್ಲಿ ಧರ್ಮಕ್ಕೂ ಮಾತೃಭಾಷೆಗೂ ಸಂಬಂಧ ಕಟ್ಟಬಾರದು ಎಂದೇ ಇತ್ತು. ಹೇಳಿದ್ದು ಭಾಷೆಯೋ, ಇನ್ನೊಂದರ ಉಪಭಾಷೆಯೋ ಎಂದು ತೀರ್ಮಾನಿಸುವುದು ಅವರ ಕೆಲಸವಲ್ಲ, ಹೇಳಿದ್ದನ್ನೇ ಬರೆದುಕೊಳ್ಳಬೇಕು. ಮಾತೃಭಾಷೆಯೆಂದರೆ ಬಾಲ್ಯದಲ್ಲಿ ತಾಯಿ ನಮ್ಮೊಡನೆ ಆಡಿದ ಭಾಷೆ. ಗೊತ್ತಿರುವ ಬೇರೆ ಎರಡು ಭಾಷೆಗಳಿಗೆ ಪ್ರತ್ಯೇಕ ಕಾಲಂ ಇತ್ತು. ಕನ್ನಡ, ತುಳುವಿಗೆ ಅಲ್ಲಿ ಜಾಗವಿದೆ. ಬ್ಯಾರಿ ಎಂದು ಬರೆಸಿದರೆ ಕನ್ನಡಕ್ಕೆ ಅನ್ಯಾಯವಾಗುತ್ತದೆ ಎಂಬ ಅಂಜಿಕೆ ಬೇಡ.

ಬರೆಸಿದ ಕೂಡಲೇ ಎಲ್ಲವೂ ಸರಿಯಾಗುತ್ತದೆ ಎಂದೇನಲ್ಲ. ಭೋಜ್‌ಪುರಿ ತಮ್ಮ ಮಾತೃಭಾಷೆ ಎಂದು 2011ರಲ್ಲಿ 5 ಕೋಟಿಗೂ ಹೆಚ್ಚು ಜನ ಹೇಳಿದರು, ಆದರೂ ಅವರನ್ನು ಹಿಂದಿಯೊಳಗೇ ಸೇರಿಸಲಾಯಿತು. ಆದರೆ ಅವರು ಎಷ್ಟು ಜನ ಎಂಬುದು ದಾಖಲೆಯಲ್ಲಿದೆ, ಅದನ್ನು ಹಿಡಿದು ಅವರು ಹಕ್ಕು ಕೇಳಬಹುದು. ನಾವು ಬೇರೆ ಹೆಸರು ಹೇಳಿದರೆ ನಾಳೆ ಶಾಲೆಯಲ್ಲಿ ಬ್ಯಾರಿ ಕಲಿಸಿ ಎಂದು ಕೇಳಲು ಕೈಯಲ್ಲಿ ಒಂದು ಅಂಕಿಯೂ ಇರುವುದಿಲ್ಲ.

ಮಗುವಿನೊಡನೆ ಮನೆಯಲ್ಲೂ ಇಂಗ್ಲಿಷನ್ನೇ ಆಡುತ್ತಿದ್ದರೆ ಅದರ ಲೆಕ್ಕ ಮುಂದಿನ ಗಣತಿಯಲ್ಲಿ ಸಿಗುತ್ತದೆ. ಅಲ್ಲಿಯವರೆಗೆ, ಬಾಗಿಲು ತಟ್ಟಿದಾಗ ಯಾರು ಎದ್ದು ಹೋಗಿ ಉತ್ತರಿಸಿದರೂ, ಮನೆಯ ಪ್ರತಿಯೊಬ್ಬರ ಹೆಸರಿನ ಮುಂದೆ ಒಂದೇ ಮಾತು ಇರಲಿ: ಬ್ಯಾರಿ.