ಎಂಜಿನ್ ಕೊಳ್ಳುತ್ತೇವೋ, ಜಾಹೀರಾತು ಕೊಳ್ಳುತ್ತೇವೋ?

ನಮ್ಮಕ್ಕನ ಮಗ ಮೂರು ವರ್ಷದಿಂದ ಒಂದು ವಿಡಿಯೋ ಗೇಮ್ ಕಟ್ಟುತ್ತಿದ್ದಾನೆ. ಹಗಲು ಬೆಂಗಳೂರಿನ ಒಂದು ಕಚೇರಿಯಲ್ಲಿ ಕೆಲಸ, ರಾತ್ರಿ ಊಟ ಮುಗಿಸಿದ ಮೇಲೆ ಇದು. ಕಳೆದ ಸಲ ಅವರ ಮನೆಗೆ ಹೋದಾಗ ಪಕ್ಕದಲ್ಲಿ ಕೂತು ನೋಡಿದೆ. ಪರದೆಯ ನಡುವೆ ತೊಟ್ಟಿಮನೆಯೊಂದರ ಬಾಗಿಲು. ಎಡಕ್ಕೆ ಆ ದೃಶ್ಯದಲ್ಲಿರುವ ವಸ್ತುಗಳ ಉದ್ದನೆಯ ಪಟ್ಟಿ. ಬಲಕ್ಕೆ ಆ ಬಾಗಿಲಿನ ಅಳತೆ, ತೂಕ, ತೆರೆಯುವ ವೇಗ. ಒಂದು ಅಂಕಿ ಬದಲಿಸಿ ಮೇಲಿನ ಪ್ಲೇ ಬಟನ್ ಒತ್ತಿದ. ಬಾಗಿಲು ನಿಧಾನಕ್ಕೆ ತೆರೆದುಕೊಂಡಿತು, ಒಳಗಿನ ದೀಪದ ಬೆಳಕು ಅಂಗಳಕ್ಕೆ ಚೆಲ್ಲಿತು. ಬೆಳಕು ಎಲ್ಲೆಲ್ಲಿ ಬೀಳಬೇಕು, ನೆರಳು ಹೇಗೆ ಚಾಚಬೇಕು ಎಂಬುದನ್ನು ಅವನು ಬರೆದಿಲ್ಲ. ಅದು ಎಂಜಿನ್ನಿನ ಕೆಲಸ. ಅವನು ಬಳಸುವುದು ಯೂನಿಟಿ ಎಂಬ ಎಂಜಿನ್ನಿನ ಉಚಿತ ಆವೃತ್ತಿ.

"ಇದನ್ನ ಬೇರೆ ಎಂಜಿನ್ನಿಗೆ ಸಾಗಿಸೋಕಾಗತ್ತೇನೋ?" ಅಂದೆ.

"ಚಿತ್ರ, ಸೌಂಡು ಹೋಗುತ್ತೆ ಮಾಮ. ಮಿಕ್ಕಿದ್ದೆಲ್ಲ ಹೊಸದಾಗಿ ಕಟ್ಟಬೇಕು," ಅಂದ.

ಗೇಮ್ ಎಂಜಿನ್ ಕಂಪನಿಯ ಷೇರು ಕೊಳ್ಳುವವರ ನಂಬಿಕೆಯೆಲ್ಲ ನಿಂತಿರುವುದು ಈ ಒಂದು ಮಾತಿನ ಮೇಲೆ. ಗಿರಾಕಿ ಬಿಟ್ಟುಹೋಗಲಾರ, ಆದ್ದರಿಂದ ಕಂಪನಿ ಬೇಕಾದಷ್ಟು ವಸೂಲು ಮಾಡಬಹುದು, ಆದ್ದರಿಂದ ಹತ್ತು ವರ್ಷ ಇಟ್ಟುಕೊಂಡರೆ ಬಂಗಾರ. ಗಿರಾಕಿ ಸುಲಭಕ್ಕೆ ಬಿಟ್ಟುಹೋಗಲಾರ ಎಂಬುದು ನಿಜ. ಉಳಿದೆರಡು ಅದರಿಂದ ತಾವಾಗಿ ಹುಟ್ಟುವುದಿಲ್ಲ. ಯೂನಿಟಿಯ ಇಪ್ಪತ್ತು ವರ್ಷಗಳ ಚರಿತ್ರೆ ಅದನ್ನು ಸ್ಪಷ್ಟವಾಗಿ ತೋರಿಸುತ್ತದೆ ಎಂಬುದು ನನ್ನ ವಾದ.

ಕಂಪನಿ ಹುಟ್ಟಿದ್ದು 2004ರಲ್ಲಿ, ಕೋಪನ್‌ಹೇಗನ್‌ನಲ್ಲಿ. ಡೇವಿಡ್ ಹೆಲ್ಗಸನ್ ಮತ್ತು ಅವರ ಇಬ್ಬರು ಜೊತೆಗಾರರು ಗೂಬಾಲ್ ಎಂಬ ಆಟ ಮಾಡಿದರು, ಅದು ಓಡಲಿಲ್ಲ. ಅದಕ್ಕಾಗಿ ಮಾಡಿಕೊಂಡಿದ್ದ ಉಪಕರಣವನ್ನೇ 2005ರಲ್ಲಿ ಮಾರುಕಟ್ಟೆಗೆ ತಂದರು. 2008ರಲ್ಲಿ ಐಫೋನಿಗೆ ಆ್ಯಪ್ ಸ್ಟೋರ್ ಬಂದದ್ದೇ ತಡ, ಬೇಗ ಕೈಜೋಡಿಸಿದ ಎಂಜಿನ್ ಇದು. ಪೋಕೆಮಾನ್ ಗೋ, ಹಾಲೊ ನೈಟ್, ಗೆನ್‌ಶಿನ್ ಇಂಪ್ಯಾಕ್ಟ್, ಅಮಾಂಗ್ ಅಸ್ ಎಲ್ಲವೂ ಇದರ ಮೇಲೆ ಕಟ್ಟಿದ ಆಟಗಳು. 2020ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ 52 ಡಾಲರ್ ಬೆಲೆಗೆ ಬಂತು. 2021ರ ನವೆಂಬರಿನಲ್ಲಿ 200 ಡಾಲರ್ ದಾಟಿತು. 2024ರ ಆಗಸ್ಟಿನಲ್ಲಿ 15 ಡಾಲರ್ ಆಸುಪಾಸಿಗೆ ಬಂದು ನಿಂತಿತು. ಈ ನಾಲ್ಕು ವರ್ಷಗಳಲ್ಲಿ ಎಂಜಿನ್ ಕೆಟ್ಟುಹೋಗಿರಲಿಲ್ಲ. ಅದರಲ್ಲಿ ಮಾಡಿದ ಆಟಗಳನ್ನು ಜನ ಆಡುವುದನ್ನೂ ಬಿಟ್ಟಿರಲಿಲ್ಲ.

ಹಾಗಾದರೆ ಬಿದ್ದದ್ದು ಯಾವುದು? ಅದಕ್ಕೆ ಹಣ ಎಲ್ಲಿಂದ ಬರುತ್ತದೆಂದು ನೋಡಬೇಕು. 2024ರಲ್ಲಿ ಯೂನಿಟಿಯ ಒಟ್ಟು ವರಮಾನ ಸುಮಾರು 181 ಕೋಟಿ ಡಾಲರ್. ಇದರಲ್ಲಿ ಎಂಜಿನ್ನಿಗೆ ಸಂಬಂಧಿಸಿದ ವಿಭಾಗದ ಪಾಲು ಸುಮಾರು 61 ಕೋಟಿ. ಮಿಕ್ಕ 120 ಕೋಟಿಯಷ್ಟು ಬಂದದ್ದು ಮುಖ್ಯವಾಗಿ ಮೊಬೈಲ್ ಆಟಗಳ ನಡುವೆ ಬರುವ ಜಾಹೀರಾತುಗಳಿಂದ. ಒಂದು ಆಟದ ಮಧ್ಯೆ ಇನ್ನೊಂದು ಆಟದ ಮೂವತ್ತು ಸೆಕೆಂಡಿನ ವಿಡಿಯೋ ಬರುತ್ತದಲ್ಲ, ಅದನ್ನು ಯಾರಿಗೆ, ಯಾವ ಬೆಲೆಗೆ ತೋರಿಸಬೇಕೆಂದು ತೀರ್ಮಾನಿಸುವ ವ್ಯಾಪಾರ ಅದು. ಎಂಜಿನ್ ಕಂಪನಿ ಎಂದು ಕೊಂಡವನು ಕೊಂಡದ್ದರಲ್ಲಿ ಮೂರರಲ್ಲಿ ಎರಡು ಪಾಲು ಜಾಹೀರಾತು ಕಂಪನಿ.

ಈ ವ್ಯಾಪಾರಕ್ಕೆ ಎಂಜಿನ್ನಿನ ಗಟ್ಟಿತನ ಇಲ್ಲ. ಯೂನಿಟಿಯಲ್ಲಿ ಕಟ್ಟಿದ ಆಟಕ್ಕೆ ಆ್ಯಪ್‌ಲವಿನ್‌ನಂಥ ಪ್ರತಿಸ್ಪರ್ಧಿಯ ಜಾಹೀರಾತನ್ನು ಯಾವ ಅಡ್ಡಿಯೂ ಇಲ್ಲದೆ ಹಾಕಿಕೊಳ್ಳಬಹುದು. ಇಲ್ಲಿ ಗಿರಾಕಿ ಇವತ್ತಿನ ದರ ನೋಡಿ ನಾಳೆ ಬದಲಾಗುತ್ತಾನೆ. 2022ರ ಮೇ ತಿಂಗಳಲ್ಲಿ ಯೂನಿಟಿಯ ಜಾಹೀರಾತು ಯಂತ್ರಕ್ಕೆ ಒಬ್ಬ ದೊಡ್ಡ ಗಿರಾಕಿಯ ಕಡೆಯಿಂದ ಕೆಟ್ಟ ದತ್ತಾಂಶ ಸೇರಿ ಲೆಕ್ಕಾಚಾರವೇ ಹದಗೆಟ್ಟಿತು. ಆ ವರ್ಷಕ್ಕೆ ಸುಮಾರು 11 ಕೋಟಿ ಡಾಲರ್ ಹೊಡೆತವೆಂದು ಕಂಪನಿಯೇ ಹೇಳಿತು. ಷೇರು ಒಂದೇ ದಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿಯಿತು. ಅಂದು ನನ್ನಕ್ಕನ ಮಗನಂಥ ಲಕ್ಷಾಂತರ ಜನ ಎಂದಿನಂತೆ ಎಂಜಿನ್ ತೆರೆದು ಕೆಲಸ ಮಾಡಿದ್ದರು.

ಹಾಗಿದ್ದರೆ ಎಂಜಿನ್ನಿನಿಂದಲೇ ಹೆಚ್ಚು ವಸೂಲು ಮಾಡಬಾರದೇಕೆ? ಅದನ್ನೂ ಮಾಡಿ ನೋಡಿದರು. 2023ರ ಸೆಪ್ಟೆಂಬರ್ 12ರಂದು ರನ್‌ಟೈಮ್ ಶುಲ್ಕ ಘೋಷಣೆಯಾಯಿತು. ಒಂದು ಆಟ ವರ್ಷಕ್ಕೆ 2 ಲಕ್ಷ ಡಾಲರ್ ಗಳಿಸಿ, ಒಟ್ಟು 2 ಲಕ್ಷ ಸಲ ಇನ್‌ಸ್ಟಾಲ್ ಆಗಿದ್ದರೆ, ಅಲ್ಲಿಂದಾಚೆಗಿನ ಪ್ರತಿ ಇನ್‌ಸ್ಟಾಲಿಗೆ ಅಮೆರಿಕದಂಥ ದೇಶಗಳಲ್ಲಿ 20 ಸೆಂಟ್ ಕೊಡಬೇಕು. ಲೆಕ್ಕ ಹಾಕಿ ನೋಡಿ. ಉಚಿತವಾಗಿ ಸಿಗುವ ಒಂದು ಆಟ ಪ್ರತಿ ಇನ್‌ಸ್ಟಾಲಿಗೆ 15 ಸೆಂಟ್ ಗಳಿಸುತ್ತದೆ ಎಂದುಕೊಳ್ಳೋಣ. ಮಿತಿ ದಾಟಿದ ಮೇಲೆ ಆ ದೇಶಗಳಲ್ಲಿ ಇನ್ನೂ 10 ಲಕ್ಷ ಜನ ಇಳಿಸಿಕೊಂಡರೆ ಗಳಿಕೆ ಒಂದೂವರೆ ಲಕ್ಷ ಡಾಲರ್, ಶುಲ್ಕ 2 ಲಕ್ಷ ಡಾಲರ್. ಆಟ ಗೆದ್ದಷ್ಟೂ ಮಾಡಿದವನು ಸೋಲುತ್ತಾನೆ. ದುಬಾರಿ ಪರವಾನಗಿ ಕೊಂಡರೆ ಮಿತಿ ಏರುತ್ತಿತ್ತು, ದರವೂ ಇಳಿಯುತ್ತಿತ್ತು. ಕಂಪನಿಯ ಜಾಹೀರಾತು ಸೇವೆ ಬಳಸಿದವರಿಗೆ ರಿಯಾಯಿತಿಯ ಮಾತೂ ಇತ್ತು. ಆದರೆ ಜನರನ್ನು ಕೆರಳಿಸಿದ್ದು ದರಕ್ಕಿಂತ ಹೆಚ್ಚಾಗಿ ಇನ್ನೊಂದು ಸಂಗತಿ: ಈಗಾಗಲೇ ಮಾಡಿ ಮಾರಿದ ಆಟಗಳಿಗೂ ಶುಲ್ಕ ಅನ್ವಯವಾಗುತ್ತಿತ್ತು. ಹಳೆಯ ಆವೃತ್ತಿ ಬಳಸುವವರು ಹಳೆಯ ಷರತ್ತಿನಲ್ಲೇ ಮುಂದುವರಿಯಬಹುದು ಎಂದು 2019ರಲ್ಲಿ ಇದೇ ಕಂಪನಿ ಮಾತು ಕೊಟ್ಟಿತ್ತು.

ಹತ್ತೇ ದಿನದಲ್ಲಿ ಷರತ್ತು ಸಡಿಲವಾಯಿತು. ಅಕ್ಟೋಬರಿನಲ್ಲಿ ಮುಖ್ಯಸ್ಥ ಜಾನ್ ರಿಚಿಟೆಲ್ಲೊ ಹೊರನಡೆದರು. 2024ರ ಜನವರಿಯಲ್ಲಿ ಕಾಲು ಭಾಗದಷ್ಟು, ಸುಮಾರು 1,800 ಮಂದಿಯ ಕೆಲಸ ಹೋಯಿತು. ಹೊಸ ಮುಖ್ಯಸ್ಥ ಮ್ಯಾಥ್ಯೂ ಬ್ರಾಂಬರ್ಗ್ 2024ರ ಸೆಪ್ಟೆಂಬರಿನಲ್ಲಿ, ಘೋಷಣೆಯಾಗಿ ಸರಿಯಾಗಿ ಒಂದು ವರ್ಷಕ್ಕೆ, ಆಟಗಳ ಮೇಲಿನ ಶುಲ್ಕವನ್ನು ಪೂರ್ತಿ ಕೈಬಿಟ್ಟು ಮಾಮೂಲಿ ಪರವಾನಗಿ ದರವನ್ನು ಏರಿಸಿದರು.

ಬಿಟ್ಟುಹೋಗಲಾರದ ಗಿರಾಕಿ ಬಿಟ್ಟುಹೋಗುವುದು ಒಂದು ಆಟಕ್ಕೂ ಇನ್ನೊಂದು ಆಟಕ್ಕೂ ನಡುವಿನ ಬಿಡುವಿನಲ್ಲಿ. ಷೇರುಪೇಟೆಯ ವಿಶ್ಲೇಷಣೆಗಳಲ್ಲಿ ಇದಕ್ಕೆ ಸಲ್ಲಬೇಕಾದ ತೂಕ ಸಿಗುತ್ತಿಲ್ಲ ಎಂಬುದು ನನ್ನ ತಕರಾರು. ಅರ್ಧ ಕಟ್ಟಿದ ಮನೆಯ ಮೇಸ್ತ್ರಿಯನ್ನು ಸಾಮಾನ್ಯವಾಗಿ ಯಾರೂ ಬದಲಿಸುವುದಿಲ್ಲ. ಮುಂದಿನ ಮನೆಗೆ ಮಾತ್ರ ಬೇರೆ ಮೇಸ್ತ್ರಿಯನ್ನು ಹುಡುಕುತ್ತಾರೆ. ಸ್ಲೇ ದಿ ಸ್ಪೈರ್ ಎಂಬ ಆಟ ಮಾಡಿದ ಮೆಗಾ ಕ್ರಿಟ್ ಸಂಸ್ಥೆಯಂತೂ ಅಷ್ಟಕ್ಕೂ ಕಾಯಲಿಲ್ಲ: ಯೂನಿಟಿಯಲ್ಲಿ ಕಟ್ಟುತ್ತಿದ್ದ ಮುಂದಿನ ಆಟವನ್ನು ನಡುವೆಯೇ ಗೊಡೊ ಎಂಬ ಎಂಜಿನ್ನಿಗೆ ಬದಲಿಸಿತು. ಗೊಡೊ ಅರ್ಜೆಂಟೀನಾದ ಇಬ್ಬರು ಆರಂಭಿಸಿ 2014ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟ ಎಂಜಿನ್. ಶುಲ್ಕವಿಲ್ಲ, ಷರತ್ತು ಬದಲಿಸುವ ಮಾಲೀಕನೂ ಇಲ್ಲ. ಎರಡು ಮೂರು ದಿನದಲ್ಲಿ ಒಂದು ಪುಟ್ಟ ಆಟ ಕಟ್ಟುವ ಸ್ಪರ್ಧೆಗಳಲ್ಲಿ ಹುಡುಗರು ಯಾವ ಎಂಜಿನ್ ತೆರೆಯುತ್ತಾರೆ ಎಂಬುದು ಐದು ವರ್ಷದ ಮುಂದಿನ ಮಾರುಕಟ್ಟೆಯ ಸುಳಿವು. ಅಲ್ಲಿ ಗೊಡೊ ವೇಗವಾಗಿ ಮೇಲೇರಿದೆ.

ಇನ್ನೂ ಒಂದು ಮಾತು. ಹೆಸರಾಂತ ಎಂಜಿನ್‌ಗಳಲ್ಲಿ ತನ್ನ ಕಾಲ ಮೇಲೆ ತಾನು ನಿಂತದ್ದು ನನಗೆ ಕಾಣುವುದಿಲ್ಲ. ಅನ್‌ರಿಯಲ್ ಎಂಜಿನ್ ಒಂದು ಆಟದ ಮೊದಲ 10 ಲಕ್ಷ ಡಾಲರಿನವರೆಗೆ ಏನನ್ನೂ ಕೇಳುವುದಿಲ್ಲ, ಆಮೇಲೆ ಶೇ. 5 ಕೇಳುತ್ತದೆ. ಹಾಗೆ ಉದಾರವಾಗಿರಲು ಎಪಿಕ್ ಕಂಪನಿಗೆ ಸಾಧ್ಯವಾದದ್ದು ಫೋರ್ಟ್‌ನೈಟ್ ಆಟದ ಹಣದಿಂದ. ಗೊಡೊ ನಡೆಯುವುದು ದೇಣಿಗೆಯಿಂದ. ಯೂನಿಟಿ ಜಾಹೀರಾತಿನಿಂದ. ಎಂಜಿನ್ ಕಟ್ಟುವುದಕ್ಕೆ ಸಾವಿರಾರು ಎಂಜಿನಿಯರುಗಳ ದುಡಿಮೆ ಬೇಕು. ಅದರ ಲಾಭದ ಬಹುಪಾಲು ಸೇರುವುದು ಅದರ ಮೇಲೆ ಆಟ ಕಟ್ಟಿದವರಿಗೆ. ಲೋಕಕ್ಕೆ ಇದು ಒಳ್ಳೆಯದು, ಷೇರುದಾರನಿಗೆ ಅಲ್ಲ.

ಕಂಪನಿಯ ಪರವಾಗಿಯೂ ವಾದವಿದೆ, ಅದನ್ನು ಮುಚ್ಚಿಡಬಾರದು. ನಿವ್ವಳ ನಷ್ಟ 2022ರಲ್ಲಿ ಸುಮಾರು 92 ಕೋಟಿ ಡಾಲರ್ ಇದ್ದದ್ದು 2024ರಲ್ಲಿ 66 ಕೋಟಿಗೆ ಇಳಿದಿದೆ. ಕೈಗೆ ಬರುವ ನಗದು ಖರ್ಚಿಗಿಂತ ಹೆಚ್ಚಾಗಿದೆ. 2025ರಲ್ಲಿ ವೆಕ್ಟರ್ ಎಂಬ ಹೊಸ ಜಾಹೀರಾತು ವ್ಯವಸ್ಥೆ ಬಂದಿದೆ. ಆದರೆ ನಷ್ಟವಿದ್ದೂ ನಗದು ಉಳಿಯುವುದಕ್ಕೆ ಒಂದು ದೊಡ್ಡ ಕಾರಣ, ನೌಕರರ ಸಂಬಳದ ಒಂದು ಪಾಲನ್ನು ಷೇರಿನ ರೂಪದಲ್ಲಿ ಕೊಡುವುದು. ಪೇಟೆಗೆ ಬಂದಾಗ ಸುಮಾರು 26 ಕೋಟಿ ಇದ್ದ ಷೇರುಗಳು ಐರನ್‌ಸೋರ್ಸ್ ಕಂಪನಿಯನ್ನು ಸೇರಿಸಿಕೊಂಡದ್ದೂ ಕೂಡಿ ಈಗ 40 ಕೋಟಿ ದಾಟಿವೆ. ತೋಟ ಅದೇ ಇದ್ದು ಹಿಸ್ಸೆದಾರರು ಹೆಚ್ಚಿದರೆ ಪ್ರತಿಯೊಬ್ಬನ ಪಾಲಿಗೆ ಬರುವ ತೆಂಗಿನಕಾಯಿ ಎಷ್ಟು ಎಂದು ನಮ್ಮ ಹಳ್ಳಿಯಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ವೆಟಾ ಡಿಜಿಟಲ್ ಎಂಬ ಸಿನಿಮಾ ಗ್ರಾಫಿಕ್ಸ್ ಸಂಸ್ಥೆಯ ತಂತ್ರಜ್ಞಾನಕ್ಕೆಂದು 2021ರಲ್ಲಿ 160 ಕೋಟಿ ಡಾಲರಿಗೂ ಹೆಚ್ಚು ಬೆಲೆ ಒಪ್ಪಿಕೊಂಡು, ಎರಡೇ ವರ್ಷಕ್ಕೆ ಆ ಸಾಹಸದಿಂದ ಹಿಂದೆ ಸರಿದದ್ದೂ ಲೆಕ್ಕದಲ್ಲಿ ಬರಬೇಕು.

ಇಲ್ಲಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಡಾಲರ್ ಕಳಿಸಿ ಅಮೆರಿಕದ ಷೇರು ಕೊಳ್ಳುವ ನಮ್ಮ ಹುಡುಗರಲ್ಲಿ ನನ್ನದೊಂದು ವಿನಂತಿ. ನೀವು ಆಡುವ ಆಟದ ಶುರುವಿನಲ್ಲಿ ಕಾಣುವ ಲಾಂಛನ ನೋಡಿ ಷೇರು ಕೊಳ್ಳಬೇಡಿ. ಜಾಹೀರಾತು ವಿಭಾಗ ಪ್ರತಿಸ್ಪರ್ಧಿಯಿಂದ ಪಾಲು ಕಿತ್ತುಕೊಳ್ಳುತ್ತಿದೆಯೇ, ಷೇರುಗಳ ಸಂಖ್ಯೆ ಏರುವುದು ನಿಂತಿದೆಯೇ, ಹೊಸ ಆಟ ಆರಂಭಿಸುವವರು ಇನ್ನೂ ಇದನ್ನೇ ತೆರೆಯುತ್ತಿದ್ದಾರೆಯೇ ಎಂದು ನೋಡಿ. ಪೇಟೆಗೆ ಬಂದಂದಿನಿಂದ 2024ರವರೆಗೆ ಈ ಕಂಪನಿ ಒಂದು ವರ್ಷವೂ ನಿವ್ವಳ ಲಾಭ ತೋರಿಸಿಲ್ಲ. ಅದು ತೋರಿಸುವ ತನಕ, ಯೂನಿಟಿ ಒಳ್ಳೆಯ ಉಪಕರಣ ಎಂದು ನಾನು ಒಪ್ಪುತ್ತೇನೆ, ದೀರ್ಘಾವಧಿಯ ಹೂಡಿಕೆ ಎಂದು ಒಪ್ಪುವುದಿಲ್ಲ.